ಬಾಕ್ಸ್-ಎನ್ ವ್ಯಾಗನ್: ಅದಿರಿನ ಗಾಡಿಯನ್ನು ಮೇಜಿನ ಮೇಲೆ ಕಟ್ಟುವುದು ಹೇಗೆ

ನಾನು ಮೊದಲು ಕಟ್ಟಿದ ಮಾದರಿ ಗೂಡ್ಸ್ ವ್ಯಾಗನ್ನಿಗೆ ಅಂಚಿನವರೆಗೂ ಅದಿರು ತುಂಬಿದ್ದೆ. ಕೆಂಪಗೆ, ಗೋಪುರದ ಹಾಗೆ, ನೋಡಲು ಬಲು ಚೆಂದ. ನಮ್ಮ ಓಣಿಯಲ್ಲಿ ಗೂಡ್ಸ್ ಗಾರ್ಡ್ ಆಗಿ ರಿಟೈರ್ ಆದ ಕಾಕಾ ಒಬ್ಬರಿದ್ದಾರೆ. ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ಒಂದು ನಿಮಿಷ ನೋಡಿದರು. "ತಮ್ಮಾ, ಇಷ್ಟ್ ಅದಿರು ತುಂಬಿದ್ರ ಗಾಡಿ ಯಾರ್ಡ್ ದಾಟಂಗಿಲ್ಲ. ಸ್ಪ್ರಿಂಗ್ ಕೂತ್ ಬಿಡ್ತಾವ" ಅಂದರು.

ಆಗ ಸ್ವಲ್ಪ ಬೇಜಾರಾಯಿತು. ಆಮೇಲೆ ಕೂತು ಲೆಕ್ಕ ಹಾಕಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಅಂದಿನಿಂದ ನಾನು ವ್ಯಾಗನ್ ಕಟ್ಟುವ ಕ್ರಮವೇ ಬದಲಾಯಿತು. ಮೊದಲು ನಿಜವಾದ ಗಾಡಿ ಹಾಗೇಕಿದೆ ಅಂತ ತಿಳಿದುಕೊಳ್ಳುತ್ತೇನೆ. ಬ್ಲೇಡು, ಅಂಟು ಎಲ್ಲ ಆಮೇಲೆ.

ಇಲ್ಲಿ ಹೇಳುತ್ತಿರುವುದು ಬಾಕ್ಸ್-ಎನ್ ವ್ಯಾಗನ್ ಬಗ್ಗೆ. ಹೆಸರು ಗೊತ್ತಿಲ್ಲದಿದ್ದರೂ ನೀವು ಅದನ್ನು ನೂರಾರು ಸಲ ನೋಡಿರುತ್ತೀರಿ. ಹೊಸಪೇಟೆ, ತೋರಣಗಲ್ಲು, ಹುಬ್ಬಳ್ಳಿ, ಲೋಂಡಾ ಕಡೆ ಗೇಟ್ ಹಾಕಿದಾಗ ಮುಗಿಯದ ಹಾಗೆ ಸಾಗುತ್ತದಲ್ಲ, ಆ ಕಂದು ಬಣ್ಣದ, ಮೇಲೆ ಮುಚ್ಚಳವಿಲ್ಲದ, ಎತ್ತರದ ಗೋಡೆಯ ಡಬ್ಬಿ, ಅದೇ. ಸಂಡೂರು-ದೋಣಿಮಲೈ ಕಡೆಯ ಅದಿರು ಇದರಲ್ಲೇ ಹೋಗುತ್ತದೆ. ಮುರ್ಮಗೋವಾ ಬಂದರಿನಿಂದ ದೂಧಸಾಗರದ ಘಾಟಿ ಹತ್ತಿ ತೋರಣಗಲ್ಲಿಗೆ ಬರುವ ಕಲ್ಲಿದ್ದಲೂ ಇಂಥದ್ದೇ ವ್ಯಾಗನ್ನುಗಳಲ್ಲಿ ಬರುತ್ತದೆ. ಆ ಘಾಟಿಯಲ್ಲಿ 37 ಮೀಟರಿಗೆ 1 ಮೀಟರ್ ಏರು. ಹಿಂದಿನಿಂದ ತಳ್ಳಲು ಬೇರೆ ಇಂಜಿನ್ ಹಾಕದೆ ಅಲ್ಲಿ ಭಾರದ ಗಾಡಿ ಹತ್ತುವುದಿಲ್ಲ.

ಹೆಸರಿನಲ್ಲೇ ಅರ್ಧ ಕಥೆ

ಬಿ ಅಂದರೆ ಬೋಗಿ. ಒ ಅಂದರೆ ತೆರೆದದ್ದು. ಎಕ್ಸ್ ಅಂದರೆ ಎತ್ತರದ ಗೋಡೆ. ಕೊನೆಯ ಎನ್ ಅಂದರೆ ಗಾಳಿ ಬ್ರೇಕು. ನಾವು ಮಾತಿನಲ್ಲಿ ಇಡೀ ಡಬ್ಬಿಗೇ "ಬೋಗಿ" ಅನ್ನುತ್ತೇವೆ, ಅಲ್ವಾ? ರೈಲ್ವೆಯವರ ಭಾಷೆಯಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗಿರುವ ನಾಲ್ಕು ಗಾಲಿಯ ಚೌಕಟ್ಟು ಮಾತ್ರ. ಒಂದು ವ್ಯಾಗನ್ನಿಗೆ ಅಂಥವು ಎರಡು. ಈ ಬರಹದಲ್ಲಿ ನಾನು ಬೋಗಿ ಅಂದಾಗಲೆಲ್ಲ ಅದನ್ನೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಗೊಂದಲವಾಗುತ್ತದೆ.

1980ರ ದಶಕದ ಆರಂಭದಲ್ಲಿ ಈ ವ್ಯಾಗನ್ ಬಂತು. ಅದಕ್ಕೂ ಮುಂಚೆ ಇದ್ದದ್ದು ಬಾಕ್ಸ್. ಎನ್ ಇಲ್ಲದ್ದು, ವ್ಯಾಕ್ಯೂಮ್ ಬ್ರೇಕಿನದು. ಅದರ ಉದ್ದ ಸುಮಾರು 13.7 ಮೀಟರ್. ಹೊಸದರ ಉದ್ದ, ವ್ಯಾಗನ್ನುಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್‌ನಿಂದ ಕಪ್ಲಿಂಗಿಗೆ 10.713 ಮೀಟರ್ ಅಷ್ಟೇ. ಹೊಸದು ಮೂರು ಮೀಟರ್ ಗಿಡ್ಡ! ಯಾಕೆ?

ಉತ್ತರ ಇರುವುದು ಸ್ಟೇಷನ್ನಿನ ಲೂಪ್ ಲೈನಿನಲ್ಲಿ. ಗೂಡ್ಸ್ ಗಾಡಿ ಪಕ್ಕಕ್ಕೆ ಸರಿದು ಎಕ್ಸ್‌ಪ್ರೆಸ್‌ಗೆ ದಾರಿ ಬಿಡಬೇಕಾದರೆ ಇಡೀ ಗಾಡಿ ಲೂಪಿನೊಳಗೆ ಹಿಡಿಯಬೇಕು. ನಮ್ಮಲ್ಲಿ ಲೂಪಿನ ಸಾಮಾನ್ಯ ಉದ್ದ 686 ಮೀಟರ್. ಗಾಡಿಯನ್ನು ಅದಕ್ಕಿಂತ ಉದ್ದ ಮಾಡುವಂತಿಲ್ಲ. ಹಾಗಾದರೆ ಜಾಸ್ತಿ ಸರಕು ಸಾಗಿಸಲು ಉಳಿದದ್ದು ಒಂದೇ ದಾರಿ. ಪ್ರತಿ ಮೀಟರ್ ಹಳಿಯ ಮೇಲೆ ಜಾಸ್ತಿ ತೂಕ ಕೂರಿಸಬೇಕು. ಅದಕ್ಕೇ ವ್ಯಾಗನ್ ಗಿಡ್ಡವಾಯಿತು. ಖಾಲಿ ತೂಕ 22.47 ಟನ್, ಸರಕು 58.81 ಟನ್, ಒಟ್ಟು 81.28 ಟನ್. ಇಂಥ 58 ವ್ಯಾಗನ್ ಜೋಡಿಸಿದರೆ 621 ಮೀಟರ್. ಇಂಜಿನ್ನೂ, ಕೊನೆಯಲ್ಲಿ ಗಾರ್ಡ್ ಕೂರುವ ಬ್ರೇಕ್ ವ್ಯಾನೂ ಸೇರಿ ಲೂಪಿನೊಳಗೆ ಸರಿಯಾಗಿ ಕೂರುತ್ತದೆ. ತುಂಬಿದಾಗ ಇಡೀ ರೇಕು, ಅಂದರೆ ವ್ಯಾಗನ್ನುಗಳ ಸಾಲು, 4,700 ಟನ್ ದಾಟುತ್ತದೆ. ಅಷ್ಟು ಉದ್ದದ, ಅಷ್ಟು ಭಾರದ ಗಾಡಿಯನ್ನು ನಿಲ್ಲಿಸುವುದು ವ್ಯಾಕ್ಯೂಮ್ ಬ್ರೇಕಿನ ಕೈಲಿ ಆಗುವ ಕೆಲಸವಲ್ಲ. ಹಾಗಾಗಿ ಆ ಎನ್.

ಮಾದರಿ ಕಟ್ಟುವವರಿಗೆ ಇದೆಲ್ಲ ಯಾಕೆ ಬೇಕು ಅಂತೀರಾ? ಬೇಕು. ಬಾಕ್ಸ್-ಎನ್ ನೋಡಿದ ಕೂಡಲೇ "ಇದು ಅದೇ" ಅನ್ನಿಸುವುದು ಆ ಮೊಂಡು ಆಕಾರದಿಂದ. ಎರಡು ಬೋಗಿಗಳ ನಡುವೆ ಜಾಗ ಕಡಿಮೆ, ಗೋಡೆ ಎತ್ತರ. ವಿದೇಶಿ ವ್ಯಾಗನ್ ತಂದು ಕಂದು ಬಣ್ಣ ಬಳಿದರೆ ಆ ನಿಲುವು ಬರುವುದಿಲ್ಲ.

ಅಳತೆ ಇಳಿಸುವುದು

ನಾನು ಕಟ್ಟುವುದು ಎಚ್‌ಒ ಅಳತೆಯಲ್ಲಿ. ಅಂದರೆ 87.1ಕ್ಕೆ 1. ನಿಜದ ಮಿಲಿಮೀಟರನ್ನು 87.1ರಿಂದ ಭಾಗಿಸಿದರೆ ಮಾದರಿಯ ಮಿಲಿಮೀಟರ್. ಮುಖ್ಯ ಅಳತೆಗಳು ಇವು, ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ:

- ಕಪ್ಲಿಂಗ್ ಸೇರಿ ಉದ್ದ: 10,713 → 123.0 ಮಿ.ಮೀ.
- ಪೆಟ್ಟಿಗೆಯ ಉದ್ದ: 9,784 → 112.3
- ಒಳಗಿನ ಅಗಲ: 2,950 → 33.9
- ಒಳಗಿನ ಎತ್ತರ: 1,950 → 22.4
- ಒಟ್ಟು ಅಗಲ: 3,200 → 36.7
- ಹಳಿಯಿಂದ ಮೇಲಂಚಿಗೆ: 3,225 → 37.0
- ಎರಡು ಬೋಗಿಗಳ ನಡುಬಿಂದುವಿನ ಅಂತರ: 6,524 → 74.9
- ಬೋಗಿಯೊಳಗೆ ಅಚ್ಚಿನಿಂದ ಅಚ್ಚಿಗೆ: 2,000 → 23.0
- ಹೊಸ ಗಾಲಿಯ ವ್ಯಾಸ: 1,000 → 11.5

ಇಲ್ಲಿ ಒಂದು ಸಣ್ಣ ಮೋಸವನ್ನು ಒಪ್ಪಿಕೊಳ್ಳಬೇಕು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಅಂದರೆ ಎರಡು ಹಳಿಗಳ ನಡುವಿನ ಅಂತರ. ಎಚ್‌ಒ ಲೆಕ್ಕದಲ್ಲಿ ಅದು 19.2 ಮಿ.ಮೀ. ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಅದು ಹೊರದೇಶದ ಸ್ಟಾಂಡರ್ಡ್ ಗೇಜಿನ ಲೆಕ್ಕ. ಅಂದರೆ ನಮ್ಮ ವ್ಯಾಗನ್ ಸ್ವಲ್ಪ ಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತದೆ. ಹಳಿಯನ್ನೂ ಸ್ವಂತ ಹಾಕಿ 19.2ರಲ್ಲೇ ಕಟ್ಟುತ್ತೇನೆ ಅನ್ನುವ ಹಠ ಇದ್ದರೆ ಒಳ್ಳೆಯದೇ. ನನಗೆ ಅಷ್ಟು ತಾಳ್ಮೆ ಇಲ್ಲ. ಪಕ್ಕದಿಂದ ನೋಡಿದಾಗ ಈ ವ್ಯತ್ಯಾಸ ಕಾಣುವುದಿಲ್ಲ, ನಾವು ಜಾಸ್ತಿ ನೋಡುವುದೂ ಪಕ್ಕದಿಂದಲೇ.

ಫೋಟೋ

ಮೇಲಿನ ಚೀಟಿಯಲ್ಲಿ ಇಲ್ಲದ್ದು ಗೋಡೆಯ ಮೇಲಿನ ನೆಟ್ಟಗಿನ ಪಟ್ಟಿಗಳು ಮತ್ತು ಕೆಳಗಿನ ಸಣ್ಣ ಬಾಗಿಲುಗಳು. ಆ ಪಟ್ಟಿಗಳನ್ನು ನಾನು ಪಕ್ಕೆಲುಬು ಅನ್ನುತ್ತೇನೆ. ಇವನ್ನು ಫೋಟೋದಿಂದಲೇ ಎಣಿಸಿ ಅಳೆಯಬೇಕು. ಬಾಕ್ಸ್-ಎನ್‌ಗೆ ತಮ್ಮಂದಿರು ತುಂಬಾ ಇದ್ದಾರೆ. ಬಾಕ್ಸ್-ಎನ್-ಎಚ್‌ಎಸ್, ಬಾಕ್ಸ್-ಎನ್-ಎಚ್‌ಎಲ್ ಹೀಗೆ. ಎಚ್‌ಎಲ್‌ನ ಉದ್ದವೇ ಬೇರೆ. ಗೋಡೆಯ ಮೇಲೆ ಬರೆದ ಹೆಸರನ್ನು ಓದಿ, ಒಂದೇ ವ್ಯಾಗನ್ನನ್ನು ಆರಿಸಿ, ಅದನ್ನೇ ಕಟ್ಟಿ. ಮೂರು ವ್ಯಾಗನ್ನಿನ ಫೋಟೋ ಬೆರೆಸಿ ಕಟ್ಟಿದರೆ ಕೊನೆಗೆ ಯಾವುದೂ ಆಗುವುದಿಲ್ಲ.

ಪ್ಲಾಟ್‌ಫಾರ್ಮ್ ಮೇಲೆ ಅಥವಾ ಗೇಟಿನ ಹೊರಗೆ ನಿಂತು ತೆಗೆಯಿರಿ. ಹಳಿಗೆ ಇಳಿಯಬೇಡಿ. ಅಪಾಯ ಹಾಗಿರಲಿ, ಅದು ಕಾನೂನಿನಲ್ಲೂ ತಪ್ಪು. ಸಾಧ್ಯವಾದಷ್ಟು ದೂರ ನಿಂತು, ಜೂಮ್ ಮಾಡಿ, ವ್ಯಾಗನ್ನಿನ ನಟ್ಟನಡುವೆ ನೇರವಾಗಿ ಹಿಡಿಯಿರಿ. ಹತ್ತಿರದಿಂದ ತೆಗೆದರೆ ತುದಿಗಳು ಕುಗ್ಗಿ ಅಳತೆ ಕೆಡುತ್ತದೆ. ಆಮೇಲೆ ಫೋಟೋವನ್ನು ಪೆಟ್ಟಿಗೆಯ ಉದ್ದ ಸರಿಯಾಗಿ 112.3 ಮಿ.ಮೀ. ಬರುವಂತೆ ಪ್ರಿಂಟ್ ತೆಗೆಸಿ. ಈಗ ಪ್ರತಿ ಪಟ್ಟಿಯ ಜಾಗವನ್ನೂ ಸ್ಕೇಲ್ ಇಟ್ಟು ನೇರವಾಗಿ ಓದಬಹುದು. ಈ ಪ್ರಿಂಟೇ ನಿಮ್ಮ ನಕ್ಷೆ.

ಸಾಮಾನು

1 ಮಿ.ಮೀ. ಮತ್ತು 0.5 ಮಿ.ಮೀ. ದಪ್ಪದ ಸ್ಟೈರೀನ್ ಅನ್ನುವ ಪ್ಲಾಸ್ಟಿಕ್ ಹಾಳೆ ಬೇಕು. ಆರ್ಕಿಟೆಕ್ಚರ್ ಓದುವ ಹುಡುಗರು ಮಾದರಿ ಮಾಡಲು ಸಾಮಾನು ಕೊಳ್ಳುವ ಅಂಗಡಿಗಳಲ್ಲಿ ಸಿಗುತ್ತದೆ. ಸ್ಟೀಲ್ ಸ್ಕೇಲು, ಹೊಸ ಬ್ಲೇಡು, ಮೂಲೆಮಟ್ಟ, ಉಪ್ಪುಕಾಗದ, ಪ್ಲಾಸ್ಟಿಕ್ ಅಂಟುವ ದ್ರವ, ಫೆವಿಕ್ವಿಕ್. ಜೊತೆಗೆ ಹಳೆಯ ಮದುವೆ ಪತ್ರಿಕೆಗಳು. ತಮಾಷೆಯಲ್ಲ. ಒಳ್ಳೆಯ ಪತ್ರಿಕೆಯ ಕಾಗದ ತೆಳ್ಳಗೆ, ಗಟ್ಟಿಯಾಗಿ, ನುಣುಪಾಗಿರುತ್ತದೆ. ಸಣ್ಣ ಪಟ್ಟಿ ಕತ್ತರಿಸಿ ಅದಕ್ಕೆ ಫೆವಿಕ್ವಿಕ್ ಹನಿ ಕುಡಿಸಿದರೆ ಪ್ಲಾಸ್ಟಿಕ್ಕಿನಷ್ಟೇ ಬಿರುಸಾಗುತ್ತದೆ. ನಮ್ಮ ಮನೆಯಲ್ಲಿ ಮದುವೆ ಸೀಸನ್ ಮುಗಿದ ಮೇಲೆ ಆ ಕಂತೆಗೆ ಯಾರೂ ಕೈ ಹಾಕುವ ಹಾಗಿಲ್ಲ.

ಬೋಗಿ, ಗಾಲಿ, ಕಪ್ಲಿಂಗ್ ಮೂರನ್ನು ಮಾತ್ರ ಕೊಳ್ಳಬೇಕು. ಅದರ ಬಗ್ಗೆ ಮುಂದೆ.

ಪೆಟ್ಟಿಗೆ

1 ಮಿ.ಮೀ. ಹಾಳೆಯಲ್ಲಿ ತಳ ಕತ್ತರಿಸಿ: 111.3 × 33.0. ಒಳಗಲ 33.9 ಅಲ್ವಾ, ಇದೇನು 33 ಅಂತ ಕೇಳಬಹುದು. ನಿಜದ ವ್ಯಾಗನ್ನಿನ ತಗಡು ಮಾದರಿಯ ಲೆಕ್ಕದಲ್ಲಿ ಕೂದಲಿನಷ್ಟು ತೆಳ್ಳಗೆ. ನಮ್ಮ ಗೋಡೆ 0.5 ದಪ್ಪ. ಹೊರಗಿನಿಂದ ಅಳತೆ ಸರಿ ಕಾಣಬೇಕಾದರೆ ದಪ್ಪವನ್ನು ಒಳಗೆ ತಿನ್ನಬೇಕು. ಹೊರಗಿನ ಮೈ ಸರಿ ಬಂದರೆ ಒಳಗೆ ಅರ್ಧ ಮಿಲಿಮೀಟರ್ ಹೋದದ್ದನ್ನು ಯಾರೂ ಹಿಡಿಯುವುದಿಲ್ಲ.

0.5 ಹಾಳೆಯಲ್ಲಿ ತುದಿಗೋಡೆ ಎರಡು: 33.0 × 23.4. ಪಕ್ಕದ ಗೋಡೆ ಎರಡು: 112.3 × 23.4. ಎತ್ತರದಲ್ಲಿ 22.4 ಒಳಗಿನ ಆಳ, 1 ತಳದ ದಪ್ಪ. ತುದಿಗೋಡೆಗಳನ್ನು ತಳದ ಅಂಚಿಗೆ ಮೊದಲು ನಿಲ್ಲಿಸಿ. ಪಕ್ಕದ ಗೋಡೆಗಳು ಆ ತುದಿಗಳನ್ನೂ ಮುಚ್ಚುತ್ತವೆ. ಕತ್ತರಿಸುವಾಗ ಒಂದೇ ಸಲ ಒತ್ತಬೇಡಿ. ಹಗುರವಾಗಿ ಐದಾರು ಸಲ ಗೀರಿ, ಆಮೇಲೆ ಮುರಿಯಿರಿ, ಗೆರೆಯ ಮೇಲೇ ಬಿಡುತ್ತದೆ. ಎರಡೂ ಪಕ್ಕದ ಗೋಡೆಗಳನ್ನು ಜೋಡಿಸಿ ಹಿಡಿದು ಒಟ್ಟಿಗೆ ಉಜ್ಜಿದರೆ ಎರಡೂ ಒಂದೇ ಅಳತೆಗೆ ಬರುತ್ತವೆ.

ಅಂಟಿಸುವ ಮುಂಚೆ ಒಂದು ಕೆಲಸ ಇದೆ. ಇಡೀ ಮಾದರಿಯಲ್ಲಿ ನನಗೆ ಇದೇ ಅಚ್ಚುಮೆಚ್ಚು.

ಬಾಕ್ಸ್-ಎನ್ ತಳದಿಂದ ಸುರಿಯುವ ವ್ಯಾಗನ್ ಅಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಟಿಪ್ಲರ್ ಇರುತ್ತದೆ. ವ್ಯಾಗನ್ನನ್ನು ಹಳಿಯ ತುಂಡಿನ ಸಮೇತ ತಬ್ಬಿ ಹಿಡಿದು ಬೋರಲು ಮಾಡುತ್ತದೆ. ಟಿಪ್ಲರ್ ಇಲ್ಲದ ಕಡೆ ಅಗೆಯುವ ಯಂತ್ರದ ಬಕೆಟ್ಟು ಮೇಲಿನಿಂದ ಒಳಗೆ ಇಳಿಯುತ್ತದೆ, ಬರುವಾಗ ಹೋಗುವಾಗ ಗೋಡೆಗೆ ಗುದ್ದುತ್ತದೆ. ಹಾಗಾಗಿ ವರ್ಷಗಟ್ಟಲೆ ಓಡಿದ ಬಾಕ್ಸ್-ಎನ್‌ನ ಗೋಡೆ ಎಂದೂ ಸಪಾಟಾಗಿರುವುದಿಲ್ಲ. ಎರಡು ಪಕ್ಕೆಲುಬುಗಳ ನಡುವೆ ತಗಡು ಹೊರಗೆ ಉಬ್ಬಿರುತ್ತದೆ. ಮೇಲಂಚು ಅಲ್ಲಲ್ಲಿ ಬಾಗಿರುತ್ತದೆ. ಸಂಜೆಯ ಇಳಿಬಿಸಿಲಿನಲ್ಲಿ ನೋಡಿ, ಒಂದೊಂದು ಅಂಕಣವೂ ತಲೆದಿಂಬಿನ ಹಾಗೆ ಕಾಣುತ್ತದೆ.

ಇದನ್ನು ತರುವುದು ಸುಲಭ. ಗೋಡೆಯ ಹಾಳೆಯ ಮೇಲೆ ಪಕ್ಕೆಲುಬಿನ ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆಯಿರಿ. ನಾಲ್ಕು ಮಡಿಕೆ ಬಟ್ಟೆಯ ಮೇಲೆ ಹಾಳೆಯನ್ನು ಬೋರಲು ಇಟ್ಟು, ಒಳಮೈಯಿಂದ ಒಂದೊಂದು ಅಂಕಣದ ನಡುವೆ ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ. ಅರ್ಧ ಮಿಲಿಮೀಟರ್ ಉಬ್ಬಿದರೆ ಸಾಕು. ಎಲ್ಲ ಅಂಕಣವನ್ನೂ ಒಂದೇ ಸಮ ಒತ್ತಬೇಡಿ. ಒಂದೆರಡನ್ನು ಹಾಗೇ ಬಿಡಿ, ಒಂದನ್ನು ಒಳಗೆ ತಗ್ಗಿಸಿ. ನಿಜದಲ್ಲೂ ಬಕೆಟ್ಟು ಅಳತೆ ನೋಡಿ ಗುದ್ದುವುದಿಲ್ಲ.

ಈಗ ಅಂಟಿಸಿ. ಕಿಟಕಿ ತೆಗೆದಿಡಿ, ಈ ದ್ರವಗಳ ಆವಿ ಒಳ್ಳೆಯದಲ್ಲ. ಮೂಲೆಮಟ್ಟ ಇಟ್ಟು ನೋಡುತ್ತಾ ಒಂದೊಂದೇ ಗೋಡೆ ನಿಲ್ಲಿಸಿ, ಒಂದು ರಾತ್ರಿ ಒಣಗಲು ಬಿಡಿ.

ಮರುದಿನ ಪಕ್ಕೆಲುಬು. ಗೋಡೆಯಿಂದ ಅವು 1.3 ಮಿ.ಮೀ. ಹೊರಗೆ ಬರಬೇಕು. 33 ತಳ, 1 ಎರಡು ಗೋಡೆಗಳದ್ದು, 2.6 ಎರಡು ಬದಿಯ ಪಕ್ಕೆಲುಬಿನದು, ಒಟ್ಟು 36.6. ಚೀಟಿಯ 36.7ಕ್ಕೆ ಹತ್ತಿರವಾಯಿತು. ಪಟ್ಟಿಯ ಅಗಲ ನಿಮ್ಮ ಪ್ರಿಂಟಿನಲ್ಲಿದೆ. ಬಾಗಿಲುಗಳಿಗೆ ಮದುವೆ ಪತ್ರಿಕೆ, ಬಾಗಿಲ ಕೊಂಡಿಗೆ ತೆಳು ತಂತಿಯ ತುಂಡು. ಮೇಲಂಚಿಗೆ ಸುತ್ತಲೂ ಒಂದು ಪಟ್ಟಿ. ಹಳೆಯ ಕಾಲದ ವ್ಯಾಗನ್ ಕಟ್ಟುವವರು ಇಲ್ಲಿ ರಿವೆಟ್ ಚುಕ್ಕಿ ಹಾಕುತ್ತಾ ಕಣ್ಣು ಕಳೆದುಕೊಳ್ಳುತ್ತಾರೆ. ನಮ್ಮ ಪುಣ್ಯ, ಬಾಕ್ಸ್-ಎನ್ ಗೋಡೆಯೆಲ್ಲ ಬೆಸುಗೆಯ ಕೆಲಸ.

ಕೆಳಭಾಗ, ಬೋಗಿ, ಗಾಲಿ

ತಳವನ್ನು ಬೋರಲು ಹಾಕಿ ಎರಡೂ ತುದಿಯಿಂದ 18.7 ಮಿ.ಮೀ. ಒಳಗೆ ನಡುಗೆರೆಯ ಮೇಲೆ ಗುರುತು ಮಾಡಿ. ಅವೆರಡೂ ಬೋಗಿಯ ಮೊಳೆ ಕೂರುವ ಜಾಗ. ನಡುವೆ ಉದ್ದಕ್ಕೂ ಒಂದು ದಪ್ಪ ತೊಲೆ, ಅದರ ಪಕ್ಕದಲ್ಲಿ ಬ್ರೇಕ್ ಸಿಲಿಂಡರ್ ಮತ್ತು ಗಾಳಿ ತುಂಬುವ ಟ್ಯಾಂಕು. ಖಾಲಿ ರೀಫಿಲ್ ತುಂಡು, ಪೆನ್ನಿನ ಮುಚ್ಚಳ ಇದಕ್ಕೆ ಸಾಕು. ಪಕ್ಕದಲ್ಲಿ ಕೈಬ್ರೇಕಿನ ಚಕ್ರ ಒಂದಿದೆ. ಖಾಲಿ-ತುಂಬಿದ್ದು ಅಂತ ಬದಲಿಸುವ ಸಣ್ಣ ಹಿಡಿಕೆಯೂ ಇದೆ. ತುಂಬಿದ ವ್ಯಾಗನ್ನಿಗೆ ಜೋರು ಬ್ರೇಕು ಬೇಕು. ಅದೇ ಜೋರನ್ನು ಖಾಲಿ ವ್ಯಾಗನ್ನಿಗೆ ಹಾಕಿದರೆ ಗಾಲಿ ಲಾಕ್ ಆಗಿ ಜಾರುತ್ತದೆ. ಅದಕ್ಕೆ ಆ ಹಿಡಿಕೆ. ಇವೆರಡು ಹೊರಗೆ ಕಾಣುತ್ತವೆ, ಬಿಡಬೇಡಿ. ಉಳಿದ ಕೊಳವೆಗಳನ್ನು ನಾನು ಹಾಕುವುದೇ ಇಲ್ಲ, ವ್ಯಾಗನ್ ಹಳಿ ಮೇಲೆ ನಿಂತ ಮೇಲೆ ಅವು ಕಾಣುವುದಿಲ್ಲ.

ನಿಜದ ಬೋಗಿಯ ಹೆಸರು ಕ್ಯಾಸ್ನಬ್. ಎರಕದ ಉಕ್ಕಿನದು. ಎರಡು ಪಕ್ಕದ ಚೌಕಟ್ಟು, ಅಡ್ಡಕ್ಕೆ ಒಂದು ತೊಲೆ, ನಡುವೆ ಸ್ಪ್ರಿಂಗುಗಳ ಗುಂಪು. ಅಮೆರಿಕದ ಗೂಡ್ಸ್ ಬೋಗಿಯ ಜಾತಿಯೇ ಇದು. ಹಾಗಾಗಿ ಎಚ್‌ಒ ಅಳತೆಯ ಅಮೆರಿಕನ್ ಬೋಗಿ ಹಾಕಿದರೆ ಹೊಂದುತ್ತದೆ. ರೋಲರ್ ಬೇರಿಂಗ್ ಇರುವ ಮಾದರಿಯನ್ನೇ ಆರಿಸಿ. ಅಚ್ಚಿನ ತುದಿಯಲ್ಲಿ ಮುಚ್ಚಳದ ಡಬ್ಬಿ ಇರುವುದು ಹಳೆಯ ಕಾಲದ್ದು. ಅಚ್ಚುಗಳ ಅಂತರ ಮಾತ್ರ ಎರಡೂವರೆ-ಮೂರು ಮಿಲಿಮೀಟರಿನಷ್ಟು ಕಡಿಮೆ ಬರುತ್ತದೆ. ಮೂರು ಆಯಾಮದ ಪ್ರಿಂಟರ್ ಇರುವ ಗೆಳೆಯರಿದ್ದರೆ 23 ಮಿ.ಮೀ. ಅಂತರದ್ದನ್ನೇ ಮಾಡಿಸಿಕೊಳ್ಳಿ.

ಗಾಲಿಯ ವಿಷಯದಲ್ಲಿ ಒಂದು ಸಮಾಧಾನ ಇದೆ. ಅಮೆರಿಕನ್ ಬೋಗಿಯ ಜೊತೆ ಬರುವ 36 ಇಂಚಿನ ಲೆಕ್ಕದ ಗಾಲಿ 10.5 ಮಿ.ಮೀ. ನಮಗೆ ಬೇಕಾದದ್ದು 11.5. ಒಂದು ಮಿಲಿಮೀಟರ್ ಸಣ್ಣದಾಯಿತಲ್ಲ ಅಂತ ತುಂಬಾ ದಿನ ಕೊರಗಿದ್ದೆ. ಆದರೆ ನಿಜದ ಗಾಲಿಯೂ ಸವೆಯುತ್ತದೆ. ಹೊಸದರಲ್ಲಿ 1,000 ಮಿ.ಮೀ. ಇದ್ದದ್ದು ಸವೆದು, ಕಡೆದು, 906ಕ್ಕೆ ಬಂದಾಗ ಅದನ್ನು ತೆಗೆದುಹಾಕುತ್ತಾರೆ. 906 ಅಂದರೆ ಮಾದರಿಯಲ್ಲಿ 10.4! ಹಾಗಾಗಿ 10.5 ಹಾಕಿದರೆ ನಿಮ್ಮ ವ್ಯಾಗನ್ನು ತಪ್ಪಲ್ಲ, ಗಾಲಿ ಬದಲಿಸುವ ದಿನ ಹತ್ತಿರ ಬಂದಿದೆ ಅಷ್ಟೇ. ದೊಡ್ಡ ಗಾಲಿಯೇ ಬೇಕು ಅಂದರೆ ಯುರೋಪಿನ ಎಚ್‌ಒ ವ್ಯಾಗನ್ನಿನ 11 ಮಿ.ಮೀ. ಗಾಲಿ ಸಿಗುತ್ತದೆ. ಯಾವುದೇ ಆಗಲಿ, ಲೋಹದ್ದಿರಲಿ. ಪ್ಲಾಸ್ಟಿಕ್ ಗಾಲಿ ಹಳಿಯ ಮೇಲೆ ಬೇಗ ಕೊಳೆ ಕಟ್ಟುತ್ತದೆ. ಒಂದು ಅಚ್ಚಿನ ಎರಡು ಗಾಲಿಗಳ ಒಳಮೈಗಳ ನಡುವೆ 14.4ರಿಂದ 14.5 ಮಿ.ಮೀ. ಇದೆಯಾ ಅಂತ ವರ್ನಿಯರ್ ಇಟ್ಟು ನೋಡಿ. ಹಳಿ ಕವಲೊಡೆಯುವ ಪಾಯಿಂಟ್ಸ್ ದಾಟುವಾಗ ಎಡವುವ ವ್ಯಾಗನ್ನುಗಳಲ್ಲಿ ಹೆಚ್ಚಿನವುಗಳ ರೋಗ ಇದೇ.

ಬೋಗಿ ಕೂರಿಸುವಾಗ ಒಂದರ ಸ್ಕ್ರೂ ಸ್ವಲ್ಪ ಬಿಗಿ ಇರಲಿ. ಅದು ಎಡಕ್ಕೆ ಬಲಕ್ಕೆ ತಿರುಗಬೇಕು, ಓಲಾಡಬಾರದು. ಇನ್ನೊಂದನ್ನು ಸಡಿಲ ಬಿಡಿ, ಅದು ಓಲಾಡಲಿ. ನಾಲ್ಕು ಕಾಲಿನ ಮಣೆ ಅಂಕುಡೊಂಕಿನ ನೆಲದ ಮೇಲೆ ಅಲುಗುತ್ತದೆ, ಮೂರು ಕಾಲಿನದು ಅಲುಗುವುದಿಲ್ಲ. ಇಲ್ಲೂ ಅದೇ ಲೆಕ್ಕ. ತಳದ ಮೇಲ್ಮೈ ಹಳಿಯಿಂದ 14.6 ಮಿ.ಮೀ. ಎತ್ತರಕ್ಕೆ ಬರಬೇಕು. ಹೆಚ್ಚುಕಡಿಮೆಯಾದರೆ ವಾಷರ್ ಹಾಕಿ ಸರಿ ಮಾಡಿ.

ಇನ್ನು ಕಪ್ಲಿಂಗ್. ತುಂಬಾ ಎಚ್‌ಒ ಮಂದಿ ಬಳಸುವುದು ಕೇಡಿ ಕಂಪನಿಯದ್ದು. ಹೆಸರು ಕೇಡಿ, ಕೆಲಸ ಒಳ್ಳೆಯದು. ನಮ್ಮ ನಿಜದ ನಡುಕಪ್ಲಿಂಗಿನ ಹಾಗೆಯೇ ಮುಷ್ಟಿ ಹಿಡಿದಂತೆ ಕಾಣುತ್ತದೆ. ತೊಡಕು ಎತ್ತರದ್ದು. ನಮ್ಮ ಕಪ್ಲಿಂಗ್ ಖಾಲಿ ವ್ಯಾಗನ್ನಿನಲ್ಲಿ ಹಳಿಯಿಂದ 1,105 ಮಿ.ಮೀ. ಎತ್ತರಕ್ಕಿರುತ್ತದೆ, ಅಂದರೆ 12.7. ಕೇಡಿಯ ಸ್ಟಾಂಡರ್ಡ್ ಎತ್ತರ 9.9. ಬೇರೆ ಗಾಡಿಗಳ ಜೊತೆ ಜೋಡಿಸಬೇಕು ಅಂದರೆ 9.9ಕ್ಕೇ ಇಳಿಸಬೇಕು. ಕೆಲವರು ಇಡೀ ಪೆಟ್ಟಿಗೆಯನ್ನೇ ತಗ್ಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಎತ್ತರದ ನಿಲುವೇ ಹೋಗುತ್ತದೆ. ತಳದ ಕೆಳಗೆ ತುಂಡು ಹಾಕಿ ಕಪ್ಲಿಂಗನ್ನು ಮಾತ್ರ ಇಳಿಸಿ.

ಬಣ್ಣ ಮತ್ತು ನಂಬರು

ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಬಣ್ಣ ಹುಡುಕಲು ಎಲ್ಲೂ ಹೋಗಬೇಕಿಲ್ಲ. ಕಿಟಕಿಯ ಗ್ರಿಲ್ಲಿಗೆ ಹೊಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಸ್ಪ್ರೇ ಡಬ್ಬಿ ತನ್ನಿ. ತೆಳ್ಳಗೆ ಎರಡು ಸಲ ಹೊಡೆದರೆ ಬಾಕ್ಸ್-ಎನ್‌ನ ಬಣ್ಣಕ್ಕೆ ತುಂಬಾ ಹತ್ತಿರ. ಮೊದಲು ಒಂದು ಹಾಳೆ ತುಂಡಿನ ಮೇಲೆ ಹೊಡೆದು ನೋಡಿ, ಕೆಲವು ಸ್ಪ್ರೇಗಳು ಸ್ಟೈರೀನನ್ನು ಕರಗಿಸುತ್ತವೆ. ಬೋಗಿ ಕಪ್ಪು.

ನಂಬರಿನಲ್ಲಿ ಮಜಾ ಇದೆ. ವ್ಯಾಗನ್ ನಂಬರಿನಲ್ಲಿ 11 ಅಂಕಿ. ಮೊದಲೆರಡು ವ್ಯಾಗನ್ನಿನ ಜಾತಿ, ತೆರೆದ ವ್ಯಾಗನ್ನುಗಳಿಗೆ 10ರಿಂದ 29. ಮುಂದಿನೆರಡು ಯಾವ ರೈಲ್ವೆಯದ್ದು, ಆಮೇಲಿನೆರಡು ತಯಾರಾದ ವರ್ಷ, ನಂತರ ನಾಲ್ಕು ಅದರದೇ ಸಂಖ್ಯೆ. ಕೊನೆಯದು ತಾಳೆ ನೋಡುವ ಅಂಕಿ. ಬಾಯಿಗೆ ಬಂದ ನಂಬರು ಬರೆದರೆ ಈ ಕೊನೆಯ ಅಂಕಿಯಲ್ಲಿ ಸಿಕ್ಕಿಬೀಳುತ್ತೀರಿ.

ಲೆಕ್ಕ ಹೀಗೆ. ಮೊದಲ ಹತ್ತು ಅಂಕಿ 1006050147 ಅಂತಿಟ್ಟುಕೊಳ್ಳಿ. 2, 4, 6, 8, 10ನೇ ಜಾಗದ ಅಂಕಿಗಳನ್ನು ಕೂಡಿ: 0+6+5+1+7 = 19. ಅದರ ಮೂರು ಪಟ್ಟು 57. 1, 3, 5, 7, 9ನೇ ಜಾಗದವನ್ನು ಕೂಡಿ: 1+0+0+0+4 = 5. ಎರಡೂ ಸೇರಿ 62. ಮುಂದಿನ ಹತ್ತರ ಗುಣಕ 70. ಅದಕ್ಕೆ 8 ಕಡಿಮೆ ಇದೆ. ಹಾಗಾಗಿ ಕೊನೆಯ ಅಂಕಿ 8, ಪೂರ್ತಿ ನಂಬರು 10060501478. ಇದೆಲ್ಲ ಯಾಕೆ ಅನ್ನಿಸಿದರೆ ಫೋಟೋದಲ್ಲಿರುವ ನಂಬರನ್ನೇ ಬರೆಯಿರಿ.

ಎಲ್ಲ ವ್ಯಾಗನ್ನಿಗೂ ನೈರುತ್ಯ ರೈಲ್ವೆಯ ಹೆಸರನ್ನೇ ಬರೆಯುವುದು ನಾವು ಪ್ರೀತಿಯಿಂದ ಮಾಡುವ ತಪ್ಪು. ಬಾಕ್ಸ್-ಎನ್‌ಗಳು ದೇಶವೆಲ್ಲ ಸುತ್ತುತ್ತವೆ. ಹುಬ್ಬಳ್ಳಿಯಲ್ಲಿ ನಿಂತ ರೇಕಿನಲ್ಲಿ ಪೂರ್ವ ರೈಲ್ವೆಯದ್ದು, ಉತ್ತರ ರೈಲ್ವೆಯದ್ದು ಎಲ್ಲ ಬೆರೆತಿರುತ್ತವೆ. ಅಕ್ಷರಕ್ಕೆ ಬಿಳಿ ಜೆಲ್ ಪೆನ್ ಸಾಕು. ಕೈ ನಡುಗುವವರು ಡೆಕಾಲ್, ಅಂದರೆ ಅಂಟಿಸುವ ಅಚ್ಚಿನ ಅಕ್ಷರ, ಮಾಡಿಸಿಕೊಳ್ಳಬಹುದು.

ಆಮೇಲೆ ಕೊಳೆ. ಅಂಗಳಕ್ಕೆ ಸಾರಿಸುವ ಕೆಮ್ಮಣ್ಣನ್ನು ನುಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಒಣ ಬ್ರಷ್ಷಿನಲ್ಲಿ ಮೂಲೆಗಳಿಗೆ, ಮೇಲಂಚಿಗೆ, ಬಾಗಿಲ ಸಂದಿಗೆ ಉಜ್ಜಿ. ಬಳ್ಳಾರಿಯ ಧೂಳಿಗೆ ಇದಕ್ಕಿಂತ ಹತ್ತಿರದ ಬಣ್ಣ ಯಾವ ಹೊರದೇಶದ ಡಬ್ಬಿಯಲ್ಲೂ ನನಗೆ ಸಿಕ್ಕಿಲ್ಲ.

ತೂಕ, ಆಮೇಲೆ ಸರಕು

ಎಚ್‌ಒ ವ್ಯಾಗನ್ನಿಗೆ ಒಂದು ರೂಢಿಯ ಲೆಕ್ಕ ಇದೆ. 28 ಗ್ರಾಂ, ಅದರ ಮೇಲೆ ಪ್ರತಿ ಇಂಚಿಗೆ 14 ಗ್ರಾಂ. ನಮ್ಮದು ಐದು ಇಂಚಿಗೆ ಸ್ವಲ್ಪ ಕಡಿಮೆ, ಅಂದರೆ 95 ಗ್ರಾಂ ಆಸುಪಾಸು. ಬರೀ ಪ್ಲಾಸ್ಟಿಕ್ ಪೆಟ್ಟಿಗೆ ಅದರ ಅರ್ಧವೂ ಬರುವುದಿಲ್ಲ. ಒಳಗಿನ ಅಳತೆಗೆ ಕತ್ತರಿಸಿದ 1 ಮಿ.ಮೀ. ಉಕ್ಕಿನ ತಗಡು ತಳದ ಮೇಲೆ ಹಾಸಿ, ಸುಮಾರು 29 ಗ್ರಾಂ ಸಿಗುತ್ತದೆ. ಗ್ರಿಲ್ ಮಾಡುವ ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ತುಂಬಿದ ವ್ಯಾಗನ್ನಾದರೆ ಉಳಿದದ್ದಕ್ಕೆ ವಾಷರುಗಳನ್ನು ಸರಕಿನ ಕೆಳಗೆ ಮುಚ್ಚಿಡಿ. ಖಾಲಿ ವ್ಯಾಗನ್ ಹಗುರ ಉಳಿದರೆ ಅದನ್ನು ರೇಕಿನ ಹಿಂಭಾಗದಲ್ಲಿ ಹಾಕಿ.

ಈಗ ಕಾಕಾ ಹೇಳಿದ ಮಾತು. ಪೆಟ್ಟಿಗೆಯ ಒಳಗಿನ ಜಾಗ 9.784 × 2.95 × 1.95, ಅಂದರೆ 56 ಘನ ಮೀಟರಿಗೆ ಸ್ವಲ್ಪ ಮೇಲೆ. ಅದಿರು ಘನ ಮೀಟರಿಗೆ 2.4 ಟನ್ ಅಂತ ಹಿಡಿಯಿರಿ. ಅಂಚಿನವರೆಗೆ ತುಂಬಿದರೆ 135 ಟನ್! ಹೊರಬಹುದಾದದ್ದು 58.81. ಅಂದರೆ 24.5 ಘನ ಮೀಟರ್ ಮಾತ್ರ. ತಳದ ಮೇಲೆ ಸಮನಾಗಿ ಹರಡಿದರೆ 85 ಸೆಂಟಿಮೀಟರ್ ಎತ್ತರ. ಗೋಡೆ 195 ಸೆಂಟಿಮೀಟರ್. ಅರ್ಧವೂ ತುಂಬುವುದಿಲ್ಲ. ಆಮೇಲಾಮೇಲೆ ರೈಲ್ವೆಯವರು ಹೊರೆಯ ಮಿತಿಯನ್ನು ಆರು ಟನ್, ಎಂಟು ಟನ್ ಏರಿಸಿದರು. ಆಗಲೂ ಅರ್ಧದ ಹತ್ತಿರ ಬಂತು, ಅಷ್ಟೇ. ಫ್ಲೈಓವರ್ ಮೇಲಿನಿಂದ ನೋಡಿದಾಗ ಅದಿರಿನ ಗಾಡಿ ಮುಕ್ಕಾಲು ಖಾಲಿ ಅನ್ನಿಸುತ್ತದಲ್ಲ, ಅದು ಖಾಲಿಯಲ್ಲ, ಪೂರ್ತಿ ತುಂಬಿದ್ದು.

ಕಲ್ಲಿದ್ದಲಿನದು ಬೇರೆ ಲೆಕ್ಕ. ಅದು ಘನ ಮೀಟರಿಗೆ ಒಂದು ಟನ್ನಿಗಿಂತ ಕಡಿಮೆ. ತೂಕದ ಮಿತಿ ಮುಟ್ಟುವ ಮುಂಚೆಯೇ ಪೆಟ್ಟಿಗೆ ತುಂಬಿ, ಮೇಲೆ ದಿಬ್ಬ ಏಳುತ್ತದೆ. ವ್ಯಾಗನ್ ಒಂದೇ, ಸರಕಿನ ಆಕಾರ ಎರಡು. ಗೋಡೆ ಅಷ್ಟು ಎತ್ತರ ಇರುವುದೇ ಕಲ್ಲಿದ್ದಲಿಗಾಗಿ. ಅದಿರಿಗೆಂದೇ ತಗ್ಗು ಗೋಡೆಯ ಬಾಯ್ ಅನ್ನುವ ವ್ಯಾಗನ್ ಬೇರೆ ಇದೆ.

ಹಾಗಾಗಿ ಅದಿರು ತುಂಬುವಾಗ ಸರಾಸರಿ 10-11 ಮಿ.ಮೀ. ಎತ್ತರ ಸಾಕು. ಎರಡು ದಿಬ್ಬ ಮಾಡಿ, ಒಂದೊಂದು ಬೋಗಿಯ ಮೇಲೆ ಒಂದೊಂದು. ನಡುವೆ ತಗ್ಗು. ಥರ್ಮಾಕೋಲ್ ತುಂಡನ್ನು ಆ ಆಕಾರಕ್ಕೆ ಕೆತ್ತಿ, ಫೆವಿಕಾಲ್ ಸವರಿ, ಮೇಲೆ ಪುಡಿ ಉದುರಿಸಿ. ಯಾವ ಪುಡಿ? ಎಂ-ಸ್ಯಾಂಡನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕೆಳಗೆ ಬಿದ್ದ ಸಣ್ಣದನ್ನು ಮಾತ್ರ ತೆಗೆದುಕೊಳ್ಳಿ. 40 ಮಿ.ಮೀ. ಅದಿರಿನ ಗಟ್ಟಿ ಮಾದರಿಯಲ್ಲಿ ಅರ್ಧ ಮಿಲಿಮೀಟರ್ ಕೂಡ ಇಲ್ಲ. ದಪ್ಪ ಮರಳು ಹಾಕಿದರೆ ಬಂಡೆ ಸಾಗಿಸಿದ ಹಾಗೆ ಕಾಣುತ್ತದೆ. ಬಣ್ಣ ಬರೀ ಕೆಂಪಲ್ಲ. ಬಳ್ಳಾರಿ ಅದಿರಿನ ಗಟ್ಟಿ ಉಕ್ಕಿನಂತೆ ಬೂದು-ಕಪ್ಪು, ಕೆಂಪು ಇರುವುದು ಅದರ ಮೇಲಿನ ಧೂಳು. ಮೊದಲು ಗಾಢ ಬೂದು-ಕಂದು ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಉದುರಿಸಿ. ನಿಜವಾದ ಅದಿರಿನ ಪುಡಿ ತಂದು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಬೇಡ, ಇಂಜಿನ್ನಿನ ಮೋಟಾರಿಗೆ ಹೋಗಿ ಸೇರುತ್ತದೆ.

ಕಲ್ಲಿದ್ದಲಿಗೆ ಇದ್ದಿಲು ಜಜ್ಜಿದರೆ ಆಯಿತು. ನಾನು ಒಮ್ಮೆ ಜಾಣತನ ಮಾಡಲು ಹೋಗಿ ಕಾಫಿ ಫಿಲ್ಟರಿನ ಚರಟ ಒಣಗಿಸಿ ಹಾಕಿದ್ದೆ. ಹದಿನೈದು ದಿನ ಘಮಘಮ. ಮಳೆಗಾಲ ಶುರುವಾದ ಮೇಲೆ ಆರು ವ್ಯಾಗನ್ನಿನ ಮೇಲೂ ಬಿಳಿ ಬೂಷ್ಟು.

ಸರಕನ್ನು ಪೆಟ್ಟಿಗೆಗೆ ಅಂಟಿಸಬೇಡಿ. ಎತ್ತಿ ತೆಗೆಯುವ ಹಾಗಿರಲಿ. ಹೋಗುವಾಗ ತುಂಬಿದ ಗಾಡಿ, ಬರುವಾಗ ಖಾಲಿ. ಖಾಲಿಯಾದಾಗ ಕಾಣುವ ಒಳಮೈಗೆ ಹೊಸ ಬಣ್ಣ ಬೇಡ. ಅಲ್ಲಿ ಬರೀ ತುಕ್ಕು, ಮೂಲೆಯಲ್ಲಿ ಒಂದು ಚಿಟಿಕೆ ಪುಡಿ.

ಎಷ್ಟು ಕಟ್ಟಬೇಕು ಅನ್ನುವುದು ನಿಮ್ಮ ಮೇಜಿಗೆ ಬಿಟ್ಟದ್ದು. ಪೂರ್ತಿ 58 ಆದರೆ 7.1 ಮೀಟರ್, ಹಾಲ್ ದಾಟಿ ಅಡುಗೆಮನೆಗೆ ಹೋಗುತ್ತದೆ. ನನ್ನ ಹತ್ತಿರ ಹನ್ನೊಂದಿವೆ. ಹೊಸ ಸರಕು ಹಾಕಿದ ದಿನ ಕಾಕಾರನ್ನು ಮತ್ತೆ ಕರೆದೆ. ಬಗ್ಗಿ ಒಂದೊಂದೇ ವ್ಯಾಗನ್ನಿನ ಒಳಗೆ ಇಣುಕಿದರು. "ಹಾಂ, ಈಗ ಬರೋಬ್ಬರಿ ಐತಿ" ಅಂದರು. ಆಮೇಲೆ ರೇಕಿನ ಕೊನೆಗೆ ಬಂದು ನಿಂತರು. "ಬ್ರೇಕ್ ವ್ಯಾನ್ ಎಲ್ಲೈತೋ? ನಾ ಎಲ್ಲಿ ಕುಂದ್ರಬೇಕು?"